ಸಂಜೀವಪ್ಪ ಮೇಷ್ಟ್ರ ಡಾಂಬರಿನ ಹನಿ

"ಹನಿ ಇಲ್ಲ ಸಾರ್! ಮೇಲೂ ಇಲ್ಲ, ಕೆಳಗೂ ಇಲ್ಲ!"

ಶನಿವಾರ ಬೆಳಗ್ಗೆ ಠಾಣೆಯ ಮೆಟ್ಟಿಲ ಮೇಲೆ ನಿಂತು ಹೀಗೆ ಕೂಗಿದವನು ಶಾಲೆಯ ಜವಾನ ಮುನಿಶಾಮಿ. ಪುಷ್ಯ ಮಾಸದ ಚಳಿ. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಗೋ, ಹೆದರಿಕೆಗೋ?

ಬೇರೆ ಊರಿನ ಪೊಲೀಸರಾಗಿದ್ದರೆ 'ಯಾವ ಹನಿಯಯ್ಯಾ?' ಎಂದು ಗದರುತ್ತಿದ್ದರು. ನಾನು ಗದರಲಿಲ್ಲ. ನಾನು ಹಲಸೂರಿನ ಪಕ್ಕದ ಜೋಗುಪಾಳ್ಯದವನು. ಕುಡಿಯುತ್ತಿದ್ದ ಟೀ ಮೇಜಿನ ಮೇಲಿಟ್ಟು, ಎದೆ ಮುಟ್ಟಿಕೊಂಡು ಮುನೇಶ್ವರನನ್ನು ನೆನೆದೆ.

ದಫೇದಾರ್ ಚಿಕ್ಕಮುನಿಯಪ್ಪ ಅಂದರೆ ನಾನೇ. ಕುಡಿದು ಕುಣಿಯುವ ಸೋಲ್ಜರುಗಳ ಕೊರಳಪಟ್ಟಿ ಹಿಡಿದು ಎಳೆದು ತಂದವನು. ಯುದ್ಧ ಶುರುವಾದ ಮೇಲೆ ದೀಪವಿಲ್ಲದ ದಂಡಿನ ಬೀದಿಗಳಲ್ಲಿ ಒಬ್ಬನೇ ಗಸ್ತು ತಿರುಗಿದವನು. ಆದರೆ ಆ ಹನಿಗೆ ಮಾತ್ರ ಹೆದರುತ್ತಿದ್ದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಗುವವರು ನಗಲಿ.

ನಮ್ಮ ಸಬ್ ಇನ್ಸ್‌ಪೆಕ್ಟರ್ ಅಹ್ಮದ್ ಪಾಷಾ ಸಾಹೇಬರು ರಸೆಲ್ ಮಾರ್ಕೆಟ್ ಕಡೆಯಿಂದ ವರ್ಗವಾಗಿ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಅವರಿಗೆ ತಲೆಬುಡ ತಿಳಿಯಲಿಲ್ಲ.

"ಯಾವ ಹನಿ, ದಫೇದಾರ್ರೇ?"

"ಡಾಂಬರಿನ ಹನಿ ಸಾರ್. ಸಂಜೀವಪ್ಪ ಮೇಷ್ಟ್ರದು."

"ಅರೇ! ಡಾಂಬರು ಕಳವಾದ್ರೆ ಠಾಣೆಗೆ ಬರ್ತಾರಾ? ರೋಡಲ್ಲೆಲ್ಲ ಅದೇ ಬಿದ್ದಿದೆಯಲ್ಲ!"

"ನಗ್ಬೇಡಿ ಸಾರ್. ದಾರೀಲಿ ಹೇಳ್ತೀನಿ, ಬನ್ನಿ."

ದಾರಿಯಲ್ಲಿ ಹೇಳಿದೆ. ಹಿಂದಿನ ಜರ್ಮನ್ ಯುದ್ಧದ ಕಾಲದಲ್ಲಿ ಸಂಜೀವಪ್ಪನವರು ಹಲಸೂರಿನ ಆ ಶಾಲೆಗೆ ಸೈನ್ಸ್ ಮೇಷ್ಟ್ರಾಗಿ ಬಂದರು. ಆಗಿನ್ನೂ ಮೀಸೆ ಚಿಗುರಿದ ವಯಸ್ಸು. ಕಲ್ಲಿನಂಥ ಗಟ್ಟಿ ಡಾಂಬರನ್ನು ಕಾಯಿಸಿ ಒಂದು ಗಾಜಿನ ಲಾಳಿಕೆಗೆ ಸುರಿದು, ಆರಿದ ಮೇಲೆ ಅದರ ಮೂತಿ ಬಿಚ್ಚಿ, ಕೆಳಗೊಂದು ಗಾಜಿನ ಪಾತ್ರೆಯಿಟ್ಟು, ಸುತ್ತ ಗಾಜಿನ ಪೆಟ್ಟಿಗೆ ಮುಚ್ಚಿದರು. "ಇದು ಕಲ್ಲಲ್ಲ ಮಕ್ಕಳೇ. ಸುತ್ತಿಗೇಲಿ ಕುಟ್ಟಿದ್ರೆ ಗಾಜಿನ ಹಾಗೆ ಒಡೆಯುತ್ತೆ. ಸುಮ್ನೆ ಬಿಟ್ರೆ ನೀರಿನ ಹಾಗೆ ಹರಿಯುತ್ತೆ. ಆದ್ರೆ ಅದರ ಹೊತ್ತೇ ಬೇರೆ, ನಮ್ಮ ಹೊತ್ತೇ ಬೇರೆ" ಎಂದು ಪಾಠ ಹೇಳುತ್ತಿದ್ದರು. ನಾನೂ ಅದೇ ಬೆಂಚಿನಲ್ಲಿ ಕೂತು ಕೇಳಿದವನು. ನನ್ನ ತಲೆಗೆ ಹೋಗಲಿಲ್ಲ, ಅದು ಬೇರೆ ಮಾತು.

ಮೊದಮೊದಲು ಜನ ನಕ್ಕರು. 'ಡಾಂಬರು ಮೇಷ್ಟ್ರು' ಎಂದು ಹೆಸರಿಟ್ಟರು. ಒಂದು ಹನಿ ಇಳಿಯಲು ವರ್ಷಗಟ್ಟಲೆ ಕಾಯುವ ಮನುಷ್ಯನನ್ನು ಕಂಡರೆ ಯಾರು ನಗುವುದಿಲ್ಲ? ಸುದ್ದಿ ಯಾವುದೋ ಇಂಗ್ಲಿಷ್ ಪೇಪರಿನಲ್ಲಿ ಬಂತು. ದೊರೆಗಳು ಹೆಂಡಿರನ್ನು ಕರೆದುಕೊಂಡು ಬಂದು ನೋಡಿ ತಲೆಯಾಡಿಸಿ ಹೋದರು.

ಆಮೇಲೆ ಮೊದಲ ಹನಿ ಬಿತ್ತು. ಅದೇ ದಿನ ಮೇಷ್ಟ್ರ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು. ಹುಟ್ಟಿದ ಮಗು ಶಾಂತಕುಮಾರಿ ಮಾತ್ರ ಉಳಿಯಿತು. ಅವತ್ತಿಗೆ ನಗು ನಿಂತುಹೋಯಿತು.

"ಹನಿ ಬಿದ್ರೆ ಆ ಮನೇಲಿ ಒಂದು ಜೀವ ಹೋಗುತ್ತೆ ಅಂತ ಊರೇ ಹೇಳುತ್ತೆ ಸಾರ್. ಬಸುರಿಯರು ಆ ಶಾಲೆ ರಸ್ತೇಲಿ ಓಡಾಡಲ್ಲ. ಶಾಂತಕುಮಾರಿ ಬೆಳೆದ ಹಾಗೆ ಎರಡನೇ ಹನೀನೂ ಬೆಳೀತು. ಈಗ ಅವಳು ಕೃಷ್ಣರಾಜಪುರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದವ್ಳೆ. ದಿನ ತುಂಬಿದೆ. ಹನೀನೂ ದಾರದಷ್ಟು ಸಣ್ಣ ಕುತ್ತಿಗೇಲಿ ನೇತಾಡ್ತಿತ್ತು. ಇವತ್ತೋ ನಾಳೆಯೋ ಅನ್ನೋ ಹಾಗೆ."

"ಹನಿಯಾ, ಹೆರಿಗೆಯಾ?"

"ಎರಡೂ ಸಾರ್."

ಸಾಹೇಬರ ಮುಖದಲ್ಲಿದ್ದ ನಗು ಹೋಯಿತು.

ಶಾಲೆಯ ಮುಂದೆ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಪಾಳ್ಯದ ಯಜಮಾನ ಬೈಲಪ್ಪ. ಆ ಲಾಳಿಕೆಯನ್ನು ಹಲಸೂರು ಕೆರೆಗೆ ಎಸೆಯಬೇಕೆಂದು ವರ್ಷಗಳಿಂದ ಕೂಗಾಡುತ್ತಿದ್ದವನು.

"ಬಿತ್ತಂತಲ್ಲಪ್ಪಾ! ನಾನು ಬಡ್ಕೊಂಡೆ, ಯಾರು ಕೇಳಿದ್ರು? ಇನ್ನು ಆ ಹೆಣ್ಣುಮಗಳ ಗತಿ?"

"ಬಿತ್ತು ಅಂತ ಯಾರು ಹೇಳಿದ್ದು ನಿಮಗೆ?" ಎಂದರು ಸಾಹೇಬರು.

"ಮೇಲಿಲ್ಲ ಅಂದ್ಮೇಲೆ ಬಿದ್ದಂಗಲ್ವಾ ಸ್ವಾಮಿ?"

ಸೈನ್ಸ್ ರೂಮು ಕತ್ತಲಾಗಿತ್ತು. ವಿಮಾನಗಳಿಗೆ ಬೆಳಕು ಕಾಣಬಾರದೆಂದು ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಅದರ ಒಂದು ಹರಕಿನಿಂದ ಬಂದ ಬಿಸಿಲು ನೇರವಾಗಿ ಗಾಜಿನ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಒಳಗೆ ಲಾಳಿಕೆ. ಅದರ ಮೂತಿ ಬರಿದು. ಕೆಳಗಿನ ಪಾತ್ರೆಯಲ್ಲಿ ಹಳೆಯ ಹನಿಯೊಂದೇ ಚಪ್ಪಟೆಯಾಗಿ ಮಲಗಿತ್ತು. ಹೊಸದು ಎಲ್ಲೂ ಇಲ್ಲ. ಬೀಳದೆಯೂ ಇರದೆಯೂ ಮಾಯವಾಗಿದ್ದು ಎಲ್ಲಿಗೆ ಹೋಗಿರಬೇಕು?

"ಬೀಗ ಒಡೆದಿತ್ತಾ?"

"ಇಲ್ಲ ಸಾರ್" ಎಂದ ಮುನಿಶಾಮಿ. "ಬೀಗದ ಕೈ ನನ್ನ ಹತ್ರ ಒಂದು, ಮೇಷ್ಟ್ರ ಹತ್ರ ಒಂದು. ಬೆಳಗ್ಗೆ ಗುಡಿಸೋಕೆ ತೆಗೆದೆ, ನೋಡ್ದೆ, ಓಡಿ ಬಂದೆ."

"ಪೆಟ್ಟಿಗೆ ಹತ್ರ ಗುಡಿಸೋದೇ ಇಲ್ವಾ ನೀನು? ಸುತ್ತ ಇಷ್ಟು ಧೂಳಿದೆ!"

"ಅದರ ಹತ್ರ ಯಾರು ಹೋಗ್ತಾರೆ ಸಾರ್? ಮಕ್ಕಳೊಂದಿಗ ನಾನು."

ಪೆಟ್ಟಿಗೆಯ ಸುತ್ತ, ಅದರ ಬಾಗಿಲನ್ನೂ ಸೇರಿಸಿ, ಅರಿಶಿನದ ದಾರ ಮೂರು ಸುತ್ತು ಸುತ್ತಿತ್ತು. ಗಾಜಿಗೆ ಕುಂಕುಮ. ದಾರ ಇನ್ನೂ ಹಸಿಹಸಿಯಾಗಿ ಹಳದಿ ಮೆತ್ತಿಕೊಂಡಿತ್ತು.

"ನೋಡಿ ಸಾರ್, ದಾರ ಹಾಗೇ ಇದೆ!" ಎಂದೆ. "ಬಾಗಿಲು ತೆಗೆದೇ ಇಲ್ಲ. ಮನುಷ್ಯರ ಕೆಲಸ ಅಲ್ಲ ಇದು."

"ಬಿಚ್ಚಿ ಅದನ್ನ."

"ನಾನಾ? ಸಾರ್, ನೌಕರಿ ಹೋದ್ರೂ ಪರವಾಗಿಲ್ಲ."

ಅವರು ನನ್ನನ್ನು ಒಂದು ಥರ ನೋಡಿ, ತಾವೇ ದಾರದ ತುದಿ ಹಿಡಿದು ಎಳೆದರು. ಗಂಟು ಸರ್ರನೆ ಬಿಚ್ಚಿಕೊಂಡಿತು. ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಪೆಟ್ಟಿಗೆಯೊಳಗೆ ತಲೆ ಹಾಕಿ ಬಹಳ ಹೊತ್ತು ಲಾಳಿಕೆಯ ಮೂತಿಯನ್ನೇ ನೋಡಿದರು. ಪಾತ್ರೆಯ ಪಕ್ಕದಲ್ಲಿ ಸಣ್ಣ ಕರೀ ಚೂರೊಂದಿತ್ತು. ತೆಗೆದರು. "ಸ್ಸ್!" ಎಂದರು. ಬೆರಳಿಗೆ ಚುಚ್ಚಿತ್ತು.

"ಗಾಜಾ ಸಾರ್?"

"ಡಾಂಬರು." ಅದನ್ನು ಬೆಂಕಿಪೊಟ್ಟಣದೊಳಗೆ ಹಾಕಿ ಜೇಬಿಗಿಳಿಸಿದರು.

ಅಷ್ಟರಲ್ಲಿ ಸಂಜೀವಪ್ಪ ಮೇಷ್ಟ್ರು ಬಂದರು. ಮುಚ್ಚುಕೋಟು, ಕಚ್ಚೆಪಂಚೆ, ತಲೆಯೆಲ್ಲ ಬೆಳ್ಳಗೆ. ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು. ಒಂದು ಕೈ ಸೊಂಟದ ಮೇಲೆ ಒತ್ತಿ ಹಿಡಿದಿದ್ದರು. ಹೊಟ್ಟೆನೋವೇನೋ ಪಾಪ ಎಂದುಕೊಂಡೆ.

"ಕಡೇಸಲ ಯಾವಾಗ ನೋಡಿದ್ರಿ ಮೇಷ್ಟ್ರೇ?"

"ನಿನ್ನೆ ಶಾಲೆ ಬಿಟ್ಟ ಮೇಲೆ. ಇತ್ತು."

"ರಾತ್ರಿ ತಾನಾಗೇ ಬಿದ್ದಿರಬಹುದಾ?"

"ಇಲ್ಲ!" ಮೇಷ್ಟ್ರ ದನಿ ಜೋರಾಯಿತು. "ಬಿದ್ದಿದ್ರೆ ಪಾತ್ರೇಲಿ ಇರ್ಬೇಕಲ್ಲ? ಬಿದ್ದಿಲ್ಲ. ಕಳವಾಗಿದೆ. ದಯವಿಟ್ಟು ಹಾಗಂತ್ಲೇ ಬರ್ಕೊಳ್ಳಿ. ಹೊರಗೆ ನಿಂತಿರೋ ಜನಕ್ಕೂ ನೀವೇ ಹೇಳ್ಬಿಡಿ. ಪೊಲೀಸರು ಹೇಳಿದ್ರೆ ನಂಬ್ತಾರೆ."

"ಯಾರ ಮೇಲಾದ್ರೂ ಅನುಮಾನ?"

"ಯಾರ ಮೇಲೂ ಇಲ್ಲ. ಯಾರಿಗೂ ತೊಂದ್ರೆ ಕೊಡ್ಬೇಡಿ."

"ಈ ದಾರ?"

"ಅದು ನಮ್ಮತ್ತೆ ಕೆಲಸ. ಶುಕ್ರವಾರ ಶುಕ್ರವಾರ ಮುನಿಶಾಮಿ ಕೈಲಿ ಬಾಗಿಲು ತೆಗೆಸಿ ಕಟ್ಟಿ ಹೋಗ್ತಾರೆ. ನಾನು ಬುದ್ಧನ ಮಾತು ನಂಬಿರೋನು, ಕಟ್ಟು ಗಿಟ್ಟು ನಂಬೋದಿಲ್ಲ. ಬೇಡ ಅನ್ನೋ ಬಾಯಿ ಬರ್ಲಿಲ್ಲ, ಅಷ್ಟೇ. ಅದನ್ನ ಯಾವತ್ತೂ ಕೈಯಿಂದ ಮುಟ್ಟಿದೋನಲ್ಲ."

ಮಾತಾಡುತ್ತಾ ಮುದುಕರು ಗೋಡೆಗೊರಗಿದರು. ಸಾಹೇಬರಿಗೆ ಕನಿಕರ ಬಂತೋ ಏನೋ, ಜೇಬಿನಿಂದ ಎಲೆಯಡಿಕೆ ಸಂಚಿ ತೆಗೆದರು.

"ಬೆಳಗ್ಗಿಂದ ಏನೂ ತಿಂದಂಗಿಲ್ಲ. ಒಂದು ಎಲೆ ಹಾಕ್ಕೊಳ್ಳಿ ಮೇಷ್ಟ್ರೇ."

ಮೇಷ್ಟ್ರು ಎಲೆ ತೆಗೆದುಕೊಂಡು ಡಬ್ಬಿಯ ಸುಣ್ಣವನ್ನು ಬೆರಳಲ್ಲಿ ಸವರಿದರು. ಎಲೆಯನ್ನು ಮಡಿಸುವಾಗ ಬೆರಳ ತುದಿ ಕೆಂಪಗಿತ್ತು. ಎಲೆಯಡಿಕೆ ಹಾಕುವವರ ಬೆರಳು ಕೆಂಪಗಿರದೆ ಇನ್ನೇನು? ನಾನು ಗಮನ ಕೊಡಲಿಲ್ಲ. ಸಾಹೇಬರು ಸುಮ್ಮನೆ ಸಂಚಿ ಮುಚ್ಚಿದರು.

ಶಾಲೆಯ ಹಿಂದೆಯೇ ಮೇಷ್ಟ್ರ ಮನೆ. ಜಗುಲಿಯ ಕಂಬಕ್ಕೊರಗಿ ಶಾಂತಕುಮಾರಿ ಕುಳಿತಿದ್ದಳು. ಹೊಟ್ಟೆ ದೊಡ್ಡದು, ಮುಖದಲ್ಲಿ ಮಾತ್ರ ರಕ್ತವಿಲ್ಲ. ನಮ್ಮ ಟೋಪಿ ಕಂಡದ್ದೇ ಎದ್ದು ನಿಲ್ಲಲು ಹೊರಟಳು.

"ಕೂತ್ಕೊಳ್ಳಮ್ಮ, ಕೂತ್ಕೊ" ಎಂದರು ಸಾಹೇಬರು.

"ನಿಜ ಹೇಳಿ ಸಾರ್. ಬಿದ್ದಿಲ್ಲ ತಾನೇ? ಬೈಲಪ್ಪಣ್ಣ ಕೂಗ್ತಿದ್ದಿದ್ದು ಕೇಳಿಸ್ತು. ನಮ್ಮಮ್ಮನ ಥರಾನೇ ನಾನೂ..."

ಮಾತು ಮುಗಿಸಲಾಗಲಿಲ್ಲ ಅವಳಿಗೆ. ನನ್ನ ಮಗಳಿಗೂ ಅದೇ ವಯಸ್ಸು.

"ಬಿದ್ದಿಲ್ಲಮ್ಮ. ಯಾರೋ ಕದ್ದಿದ್ದಾರೆ, ಅಷ್ಟೇ. ಕದ್ದಿದ್ದು ಬಿದ್ದಂಗೆ ಹೆಂಗಾಗುತ್ತೆ?" ಎಂದರು ಸಾಹೇಬರು.

ಅವಳು ಉಸಿರು ಬಿಟ್ಟಳು. ಒಳಗೆ ತಿರುಗಿ, "ಅಜ್ಜೀ, ಸ್ವಲ್ಪ ಗಂಜಿ ಕೊಡು" ಎಂದಳು. ಬಾಗಿಲಲ್ಲಿ ಬಂದು ನಿಂತ ಅಜ್ಜಿಯ ಕಣ್ಣಲ್ಲಿ ನೀರು. ಅಜ್ಜಿ ಅಂದರೆ ಮುನಿವೆಂಕಟಮ್ಮ, ಮೇಷ್ಟ್ರ ಅತ್ತೆ. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದವಳು.

"ಒಂದು ವಾರದಿಂದ ಸರಿಯಾಗಿ ಬಾಯಿಗೆ ಹಾಕಿರ್ಲಿಲ್ಲ ಕಣಪ್ಪಾ" ಎಂದಳು ನಮ್ಮನ್ನು ಹಿತ್ತಲಿಗೆ ಕರೆದು. "ಹೆದರಿಕೇಲೇ ಸತ್ತೋಗ್ತಾಳೆ ಅನ್ಕೊಂಡಿದ್ದೆ."

"ನೀವೇ ತೆಗೆದ್ರಾ ಅಜ್ಜೀ ಆ ಹನೀನ?"

"ನಾನಾ? ಅದನ್ನ ಬೀಳ್ದಂಗೆ ಕಟ್ಟಾಕಿರೋಳೇ ನಾನು! ಹದಿನೆಂಟು ಗಂಟು ಮಂತ್ರ ಹೇಳಿ ಹಾಕ್ತೀನಿ. ಬಿಚ್ಚಕ್ಕೆ ಬರಾಕಿಲ್ಲ ಅದು. ಪ್ರತೀ ಶುಕ್ರವಾರ ಹಳೇ ದಾರಾನ ಕುಡುಗೋಲಲ್ಲಿ ಕುಯ್ದು ಹೊಸಾದು ಕಟ್ಟೋದು. ಮುಟ್ಟುದ್ರೆ ಬೀಳೋದೇನೋ ಅಂತ ಕೈ ನಡುಗ್ತದೆ, ಇನ್ನು ತೆಗೆಯೋದುಂಟಾ?"

"ಅಳಿಯನ ಮೇಲೆ ಸಿಟ್ಟಿಲ್ವಾ ನಿಮಗೆ?"

ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಇತ್ತು. ಅವತ್ತು ನನ್ನ ಮಗಳು ಇದೇ ಮನೇಲಿ ನೋವು ತಿಂತಾವ್ಳೆ. ಇವರು ಅಲ್ಲಿ ಹನಿ ಮುಂದೆ. ಕರೆಯೋಕೆ ಯಾರೋ ಓಡಿಹೋದ್ರೆ 'ಒಂದು ಗಳಿಗೆ, ಈಗ ಬೀಳುತ್ತೆ' ಅಂದ್ರಂತೆ. ಕೊನೇವರೆಗೂ ಅವಳು 'ಅವರು ಬಂದ್ರಾ, ಅವರು ಬಂದ್ರಾ' ಅಂತ ಕೇಳ್ತಾನೇ ಹೋದ್ಳು. ಇವರು ಬರೋ ಹೊತ್ಗೆ ಇಲ್ಲ. ತಿರುಗಿ ಹೋಗಿ ನೋಡುದ್ರೆ ಅದೂ ಬಿದ್ದೋಗಿತ್ತು. ಎರಡನ್ನೂ ನೋಡ್ಲಿಲ್ಲ ಪುಣ್ಯಾತ್ಮ. ಅವತ್ತಿಂದ ಅವರು ನಕ್ಕಿದ್ದು ನಾನು ಕಂಡಿಲ್ಲ. ಇನ್ನೇನು ಸಿಟ್ಟು ಮಾಡ್ಲಿ?"

ಹೊರಗೆ ಬಂದು ಸಾಹೇಬರು ಜನರಿಗೆ ಕೂಗಿ ಹೇಳಿದರು: "ಹನಿ ಬಿದ್ದಿಲ್ಲ! ಕಳವಾಗಿದೆ! ಬಿದ್ದಿದೆ ಅಂತ ಆ ಮನೆ ಹತ್ರ ಯಾರಾದ್ರೂ ಬಾಯಿಬಿಟ್ರೆ ಒಳಗೆ ಹಾಕ್ತೀನಿ!" ಬೈಲಪ್ಪ ಗೊಣಗಿಕೊಂಡು ಹೋದ. ಜನ ಕರಗಿದರು. ಆದರೆ ದಾರಿಯುದ್ದಕ್ಕೂ ಹೆಂಗಸರು ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುವುದನ್ನು ನಾನೇ ಕಂಡೆ. ನೇತಾಡುತ್ತಿದ್ದಾಗ ಅದು ಎಲ್ಲಿದೆ ಎಂದಾದರೂ ಗೊತ್ತಿತ್ತು. ಈಗ ಅದು ಊರಿನಲ್ಲಿ ಎಲ್ಲಿ ಬೇಕಾದರೂ ಇರಬಹುದಾಗಿತ್ತು.

ಅವತ್ತು ಊಟಕ್ಕೆ ಕೂತರೆ ಅನ್ನದ ಮೇಲೆ ಮೇಲಿಂದ ಏನೋ ತೊಟ್ಟಿಕ್ಕಿದ ಹಾಗೆ ಅನ್ನಿಸಿತು. ತಲೆಯೆತ್ತಿ ಸೂರು ನೋಡಿದೆ. ಏನೂ ಇರಲಿಲ್ಲ. ಊಟ ಬಿಟ್ಟೆದ್ದೆ. ನನ್ನ ಹೆಂಡತಿ ಯಶೋದಮ್ಮ ಬೈದಳು.

ಸೋಮವಾರ ಬೆಳಗ್ಗೆ ಸಾಹೇಬರು ಠಾಣೆಯಲ್ಲಿ ಬೆಂಕಿಪೊಟ್ಟಣ ತೆಗೆದು ನನ್ನ ಮುಂದೆ ಹಿಡಿದರು.

"ಚೂರು ನೋಡಿ ದಫೇದಾರ್ರೇ."

ಅವತ್ತು ಮುಳ್ಳಿನಂತೆ ಚುಚ್ಚಿದ ಚೂರು ಈಗ ಅಂಚೆಲ್ಲ ಕರಗಿ ಮೆತ್ತಗೆ ಕಾಗದಕ್ಕೆ ಅಂಟಿಕೊಂಡಿತ್ತು.

"ನನ್ನ ಎದೆ ಜೇಬಲ್ಲಿತ್ತು. ಮೈಬಿಸಿಗೇ ಹೀಗಾಗಿದೆ. ಹಾಗಾದ್ರೆ ಆ ಹನಿ ಇಟ್ಕೊಂಡಿರೋರ ಹತ್ರ ಅದು ಏನಾಗ್ತಿರಬಹುದು?"

"ನನ್ನ ಕೇಳ್ಬೇಡಿ ಸಾರ್. ನನಗೆ ಮೈ ಜುಂ ಅನ್ನುತ್ತೆ."

"ಹರೀತಾ ಇರುತ್ತೆ ರೀ! ಇವತ್ತಲ್ಲ ನಾಳೆ ಅವರ ಮೈಮೇಲಿಂದಾನೇ ಬೀಳುತ್ತೆ. ಆ ಹುಡುಗಿ ಕಣ್ಣಮುಂದೆ ಬಿದ್ರೆ? ಏಳಿ, ಏಳಿ!"

"ಯಾರು ಸಾರ್ ಕಳ್ಳ?"

"ನಡೀರಿ ಅಂದ್ನಲ್ಲ!"

ನಾವು ಹೋಗುವ ಹೊತ್ತಿಗೆ ಶಾಂತಕುಮಾರಿಗೆ ನೋವು ಶುರುವಾಗಿತ್ತು. ಒಳಗಿನ ಕೋಣೆಯ ಬಾಗಿಲು ಹಾಕಿತ್ತು. ಸೂಲಗಿತ್ತಿ ಇಮಾಮ್ ಬೀ ಮತ್ತು ಅಜ್ಜಿ ಒಳಗಿದ್ದರು. ತಡೆದು ತಡೆದು ಚೀರಾಟ ಕೇಳುತ್ತಿತ್ತು. ಬಚ್ಚಲು ಮನೆಯಲ್ಲಿ ಹಂಡೆಯ ಒಲೆ ಧಗಧಗ ಉರಿಯುತ್ತಿತ್ತು. ಅದರ ಮುಂದೆ ಬನಿಯನ್, ಪಂಚೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಸೌದೆ ತಳ್ಳುತ್ತಿದ್ದವರು ಸಂಜೀವಪ್ಪ ಮೇಷ್ಟ್ರು. ಬಿಸಿನೀರು ಕಾಯಿಸುವ ಕೆಲಸ ಮನೆಯ ಗಂಡಸಿನದು.

ಸಾಹೇಬರು ಟೋಪಿ ತೆಗೆದು ಅವರ ಪಕ್ಕದಲ್ಲಿ ಕೂತರು.

"ಮೇಷ್ಟ್ರೇ, ಕಳ್ಳ ಸಿಕ್ಕ."

ಮೇಷ್ಟ್ರು ಇನ್ನೊಂದು ಸೌದೆ ಕೈಗೆತ್ತಿಕೊಂಡರು.

"ಲಾಳಿಕೆ ಮೂತೀಲಿ ಡಾಂಬರಿನ ಎಳೆ ಇರ್ಲಿಲ್ಲ. ತಾನಾಗೇ ಬಿದ್ದಿದ್ರೆ, ಇಲ್ಲ ಯಾರಾದ್ರೂ ಎಳೆದಿದ್ರೆ, ಕೂದಲಿನ ಥರ ಎಳೆ ನೇತಾಡ್ಬೇಕಿತ್ತು. ಅಲ್ಲಿ ಗಾಜು ಒಡೆದಂಗೆ ಹೊಳೀತಿತ್ತು. ಚಳಿ ಹೊತ್ನಲ್ಲಿ ಯಾರೋ ಟಕ್ ಅಂತ ಒಂದೇಟು ಹಾಕಿದ್ದಾರೆ. ಕುಟ್ಟಿದ್ರೆ ಒಡೆಯುತ್ತೆ ಅಂತ ಗೊತ್ತಿದ್ದೋರು."

"ನನ್ನ ಹತ್ರ ಓದಿದೋರಿಗೆಲ್ಲ ಗೊತ್ತು ಅದು" ಎಂದರು ಮೇಷ್ಟ್ರು ಮೆಲ್ಲಗೆ.

"ಸರಿ. ದಾರದ ಮಾತಿಗೆ ಬರೋಣ. ದಾರ ಹಾಗೇ ಇತ್ತು ಅಂತ ನಮ್ಮ ದಫೇದಾರ್ರು ಹೆದರಿಬಿಟ್ರು. ಆದ್ರೆ ನಾನು ತುದಿ ಎಳೆದ್ರೆ ಸರ್ರಂತ ಬಿಚ್ಕೊಂತು. ಕುಡುಗೋಲಲ್ಲಿ ಕುಯ್ಬೇಕಾದ ಗಂಟು ಅಂತಾರೆ ನಿಮ್ಮತ್ತೆ! ಅಂದ್ರೆ ಅವರ ಗಂಟು ಕತ್ತರಿಸಿ ದಾರ ತೆಗೆದು, ಒಳಗಿನ ಕೆಲಸ ಮುಗಿಸಿ, ಅದೇ ದಾರಕ್ಕೆ ಬೇರೆ ಗಂಟು ಹಾಕಿದ್ದಾರೆ. ಜಾರುಗಂಟು. ಲ್ಯಾಬಲ್ಲಿ ಪೆಂಡುಲಮ್ ಗುಂಡು ನೇತುಹಾಕೋ ಗಂಟು. ಹೌದಾ?"

ನನ್ನ ಬಾಯಿ ತೆರೆದೇ ಇತ್ತು. ಆ ಗಂಟು ಬಿಚ್ಚಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ನನ್ನ ಕೈಯಲ್ಲಿ ಬಿಚ್ಚಿಸಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಬುದ್ಧಿಯೇ ಓಡಿರಲಿಲ್ಲ.

"ನನಗೆ ಒಗಟಾಗಿದ್ದು ಅದೇ" ಎಂದರು ಸಾಹೇಬರು. "ಕಟ್ಟು ನಂಬೋರು ಅದನ್ನ ಬಿಚ್ಚೋದೇ ಇಲ್ಲ. ಅಜ್ಜಿ ಬಿಚ್ಚಲ್ಲ, ಮುನಿಶಾಮಿ ಹತ್ರಾನೂ ಸುಳಿಯಲ್ಲ. ನಂಬದೇ ಇರೋರು ಬಿಚ್ಚಿದ ಮೇಲೆ ಮತ್ತೆ ಯಾಕೆ ಕಟ್ತಾರೆ? ಬೈಲಪ್ಪ ಆಗಿದ್ರೆ ಲಾಳಿಕೆ ಸಮೇತ ಕೆರೆಗೆ ಹಾಕ್ತಿದ್ದ. ಬಿಚ್ಚೋವಾಗ ನಂಬದೆ, ಕಟ್ಟೋವಾಗ ನಂಬಿದೋರು ಯಾರು? ಅಂಥೋರು ಒಬ್ಬರೇ ಇರೋಕೆ ಸಾಧ್ಯ."

ಒಳಗೆ ಮತ್ತೊಂದು ಚೀರು. ಮೇಷ್ಟ್ರ ಕೈಯಲ್ಲಿದ್ದ ಸೌದೆ ಕೆಳಗೆ ಬಿತ್ತು.

"ಆ ದಾರಾನ ಯಾವತ್ತೂ ಮುಟ್ಟಿಲ್ಲ ಅಂದ್ರಿ. ಸುಣ್ಣ ಸವರಿದಾಗ ಬೆರಳು ಕೆಂಪಾಯ್ತು. ಎಲೆ ಇನ್ನೂ ಬಾಯಿಗೆ ಹೋಗಿರ್ಲಿಲ್ಲ ಮೇಷ್ಟ್ರೇ! ನಾನು ಬೇಕಂತ ಕೊಟ್ಟಿದ್ದಲ್ಲ, ಅಲ್ಲಾ ಆಣೆ. ಅರಿಶಿನಕ್ಕೆ ಸುಣ್ಣ ಸೇರಿದ್ರೆ ಕೆಂಪಾಗೋದು ನಿಮ್ಮ ಮನೆ ಆರತಿ ತಟ್ಟೇಲಿ ದಿನಾ ನೋಡೋದೇ. ಇನ್ನೊಂದು. ಇಷ್ಟು ವರ್ಷ ಕಾದ ವಸ್ತು ಕಳವಾದೋರು ಹುಡುಕಿ ಕೊಡಿ ಅನ್ಬೇಕು. ನೀವು ಅನ್ನಲೇ ಇಲ್ಲ. ಜನಕ್ಕೆ ಹೇಳಿ ಅಂದ್ರಿ, ಅಷ್ಟೇ. ಪೊಲೀಸರ ಬಾಯಲ್ಲಿ 'ಬಿದ್ದಿಲ್ಲ' ಅಂತ ಹೇಳಿಸೋಕೇ ಕಳವು ಅಂತ ಬರೆಸಿದ್ದು ನೀವು. ಮಗಳ ಕಿವಿಗೆ ಬೀಳ್ಲಿ ಅಂತ. ಕಳ್ಳ ನೀವೇ."

ಒಲೆಯಲ್ಲಿ ಸೌದೆ ಚಟಪಟ ಅಂದಿತು. ಮೇಷ್ಟ್ರು ಬಾಯಿಬಿಟ್ಟರು.

"ಹೌದಪ್ಪಾ. ಶುಕ್ರವಾರ ಸಂಜೆ ನೋಡ್ದೆ. ಕುತ್ತಿಗೆ ಕೂದಲಷ್ಟಾಗಿತ್ತು. ನಾನು ಸೈನ್ಸ್ ಮೇಷ್ಟ್ರು, ಇದಕ್ಕೂ ಅವಳಿಗೂ ಸಂಬಂಧ ಇಲ್ಲ ಅಂತ ನನಗೆ ಗೊತ್ತು. ಗೊತ್ತು ಗೊತ್ತು ಅಂತ ಹೇಳ್ಕೊಂಡೇ ಒಡೆದೆ. ಒಡೆದ ಮೇಲೆ ಕೈ ನಿಲ್ಲಲಿಲ್ಲ, ದಾರಾನೂ ಕಟ್ಟಿದೆ. ಅತ್ತೆ ಕಟ್ಟಿದ ಕಟ್ಟು, ನನ್ನಿಂದ ತಪ್ಪಿ ಹೋದ್ರೆ ಅಂತ. ಅವಳ ಅಮ್ಮನ್ನ ಒಂದು ಗಳಿಗೆ ಕಾಯಿಸಿದೆ ನಾನು. ಒಂದೇ ಗಳಿಗೆ."

"ಹನಿ ಎಲ್ಲಿ? ಅವತ್ತು ಸೊಂಟ ಒತ್ತಿ ಹಿಡಿದಿದ್ರಲ್ಲ, ಅಲ್ಲೇನಾ?"

ಮೇಷ್ಟ್ರು ಬನಿಯನ್ನು ಎತ್ತಿದರು. ಉಡಿದಾರಕ್ಕೆ ಒಂದು ತಾಮ್ರದ ತಾಯಿತ. ಜೀವಮಾನವಿಡೀ ತಾಯಿತ ಕಟ್ಟಿಕೊಂಡ ಹುಡುಗರನ್ನು ಕ್ಲಾಸಿನಲ್ಲಿ ಹಾಸ್ಯ ಮಾಡಿದ ಮನುಷ್ಯ! ತಾಯಿತದ ಬಾಯಿಂದ ಕಪ್ಪಗೆ ಒಸರಿ ಹೊಟ್ಟೆಯ ಚರ್ಮವೆಲ್ಲ ಬಳಿದುಕೊಂಡಿತ್ತು.

"ಚೂರು ಚೂರು ಮಾಡಿ ತುಂಬ್ದೆ. ಬೀಳಲೇಬೇಕು ಅಂದ್ರೆ ನನ್ನ ಮೇಲಿಂದ ಬೀಳ್ಲಿ. ಜೀವ ಬೇಕು ಅಂದ್ರೆ ನಂದು ತಗೊಳ್ಲಿ. ಅವಳ ತಂಟೆಗೆ ಹೋಗ್ಬಾರ್ದು."

ಸಾಹೇಬರು ಮುಖ ಆಚೆ ತಿರುಗಿಸಿದರು. ಆಮೇಲೆ ಮೆಲ್ಲಗೆ, "ಬಿಚ್ಚಿಕೊಡಿ ಮೇಷ್ಟ್ರೇ, ಮೈ ಸುಟ್ಟೀತು" ಎಂದರು.

ಮೇಷ್ಟ್ರು ದಾರ ಬಿಚ್ಚಿ ತಾಯಿತವನ್ನು ಎತ್ತಿ ಹಿಡಿದರು. ಒಲೆಯ ಬಿಸಿಗೆ ಅದರ ಬಾಯಲ್ಲಿ ಕರೀ ಹನಿಯೊಂದು ತುಂಬಿ ನಿಂತಿತ್ತು. ನೋಡನೋಡುತ್ತಿದ್ದಂತೆ ಅದು ಇಳಿಯತೊಡಗಿತು. ಇಳಿಯಿತು, ಉದ್ದವಾಯಿತು, ಕುತ್ತಿಗೆ ಸಣ್ಣಗಾಯಿತು. ನನಗೆ ಕಣ್ಣು ಮುಚ್ಚಬೇಕೆಂದರೂ ಮುಚ್ಚಲಾಗಲಿಲ್ಲ.

"ಮೇಷ್ಟ್ರೇ, ನೋಡಿ! ಬೀಳ್ತಾ ಇದೆ! ನೀವು ಕಾದಿದ್ದು ಇದಕ್ಕೇ ಅಲ್ವಾ?" ಎಂದರು ಸಾಹೇಬರು.

ಮೇಷ್ಟ್ರು ನೋಡಲಿಲ್ಲ. ಅವರ ಕಣ್ಣು ಆ ಮುಚ್ಚಿದ ಬಾಗಿಲ ಮೇಲಿತ್ತು. ಒಳಗಿನ ಚೀರಾಟ ಅದೇ ಹೊತ್ತಿಗೆ ನಿಂತುಹೋಗಿತ್ತು. ಇಮಾಮ್ ಬೀಯ ದನಿಯೂ ಇಲ್ಲ, ಅಜ್ಜಿಯ ದನಿಯೂ ಇಲ್ಲ.

ಹನಿ ಬಿತ್ತು.

ಸದ್ದಾಗಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಕಪ್ಪಗೆ ಕೂತಿತು. ಹಲಸೂರಿನಲ್ಲಿ ಆ ಹನಿ ಬೀಳುವುದನ್ನು ಕಣ್ಣಾರೆ ಕಂಡವರು ಇಬ್ಬರೇ, ನಾನು ಮತ್ತು ಸಾಹೇಬರು. ಮುಗಿಯಿತು, ಹುಡುಗಿ ಹೋದಳು ಎಂದು ನನ್ನ ಎದೆ ಹೇಳಿತು. ಮನೆಯೊಳಗೆ ಒಂದು ಸಣ್ಣ ಅಲುಗಾಟವೂ ಇರಲಿಲ್ಲ. ಮೇಷ್ಟ್ರು ಉಸಿರಾಡುತ್ತಿದ್ದರೋ ಇಲ್ಲವೋ.

ಆಮೇಲೆ ಮಗು ಅತ್ತಿತು.

ಬಾಗಿಲು ತೆರೆದು ಇಮಾಮ್ ಬೀ ತಲೆ ಹೊರಗೆ ಹಾಕಿದಳು. ಹಣೆಯೆಲ್ಲ ಬೆವರು.

"ಹೆಣ್ಣು, ಮೇಷ್ಟ್ರೇ! ಬಿಸಿನೀರು ತನ್ನಿ!"

"ತಾಯಿ?" ಮೇಷ್ಟ್ರ ದನಿ ಹೊರಡಲಿಲ್ಲ. ತುಟಿ ಮಾತ್ರ ಅಲುಗಿತು.

"ಚೆನ್ನಾಗವ್ಳೆ. ನಿಮ್ಮನ್ನೇ ಕೇಳ್ತಾವ್ಳೆ, ಅಪ್ಪ ಬಂದ್ರಾ ಅಂತ."

"ಇಲ್ಲೇ ಇದ್ದೀನಿ ಕಣಮ್ಮಾ!" ಎಂದು ಮೇಷ್ಟ್ರು ಕೂಗಿದರು. ಅಂಥ ಕೂಗನ್ನು ಆ ಮುದುಕರ ಬಾಯಿಂದ ನಾನು ಕ್ಲಾಸಿನಲ್ಲೂ ಕೇಳಿರಲಿಲ್ಲ. "ಇಲ್ಲೇ ಇದ್ದೀನಿ! ಎಲ್ಲೂ ಹೋಗಿಲ್ಲ!"

ತಾಯಿತ ಕೈಬಿಟ್ಟು, ಎದ್ದು, ಅಳುತ್ತಾ ಬಾಗಿಲಿಗೆ ಓಡಿದರು. ಬಿಸಿನೀರು ಹೊತ್ತವನು ಕೊನೆಗೆ ನಾನೇ.

ಚೊಂಬಿನಲ್ಲಿ ನೀರು ತೋಡುವಾಗ ಕೆಳಗೆ ನೋಡಿದೆ. ಕಲ್ಲಿನ ಮೇಲೆ ಹನಿ ಇರಲಿಲ್ಲ. ಓಡುವ ಭರದಲ್ಲಿ ಮೇಷ್ಟ್ರು ಅದನ್ನೇ ತುಳಿದಿದ್ದರು. ಅವರ ಹಿಮ್ಮಡಿಗೆ ಅಂಟಿಕೊಂಡು ಅದು ಹೆಜ್ಜೆ ಹೆಜ್ಜೆಗೂ ಕಪ್ಪು ಗುರುತು ಬಿಡುತ್ತಾ, ಹೊಸಿಲು ದಾಟಿ, ಬಾಣಂತಿ ಕೋಣೆಯೊಳಗೆ ಹೋಗಿತ್ತು.

"ಬರೀ ಡಾಂಬರು, ದಫೇದಾರ್ರೇ" ಎಂದರು ಸಾಹೇಬರು ನನ್ನ ಮುಖ ನೋಡಿ.

ನಾನು ಚೊಂಬು ಹಿಡಿದು ಆ ಗುರುತುಗಳನ್ನು ತುಳಿಯದೆ ನಡೆದೆ. ಕಳವಾದ ಮಾಲು ಮಾಲೀಕರ ಬಳಿಯೇ ಸಿಕ್ಕಿತೆಂದು ಬರೆದು ಸಾಹೇಬರು ಕೇಸು ಮುಗಿಸಿದರು. ತಾಯಿ, ಮಗು ಇಬ್ಬರೂ ಗಟ್ಟಿಯಾಗಿದ್ದಾರೆ. ಮೇಷ್ಟ್ರೂ ಇದ್ದಾರೆ, ದಿನವೂ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಜಗುಲಿಯಲ್ಲೇ ಕೂತಿರುತ್ತಾರೆ. ಸೈನ್ಸ್ ರೂಮಿನ ಕಡೆ ಹೋಗುವುದಿಲ್ಲ. ಅಜ್ಜಿ ಸೀಮೆಎಣ್ಣೆ ಬಟ್ಟೆಯಿಂದ ಹೆಜ್ಜೆಗಳನ್ನೆಲ್ಲ ಒರೆಸಿದಳು. ಹೊಸಿಲ ಮೇಲಿನದು ಮಾತ್ರ ಹೋಗಲಿಲ್ಲ. ಅದರ ಮೇಲೆ ಈಗ ಅರಿಶಿನ ಹಚ್ಚುತ್ತಾಳೆ.

ಗಸ್ತಿಗೆ ಆ ಬೀದಿಗೆ ಹೋದಾಗ ನಾನು ಬೇಡವೆಂದರೂ ಶಾಲೆಯ ಕಿಟಕಿಯ ಕಾಗದದ ಹರಕಿನಿಂದ ಒಳಗೆ ಇಣುಕುತ್ತೇನೆ. ಲಾಳಿಕೆಯ ಮೂತಿ ಮತ್ತೆ ಉಬ್ಬಿದೆ.